ಬಾತಿನ ಗೂಡಿನ ಚಿಲಕ

ಬಾತುಗಳ ಗೂಡಿನ ಚಿಲಕ ತೆಗೆದವನು ನಾನು, ವೈನಿ. ನೀವು ಹಾಕಲು ಮರೆತಿರಲಿಲ್ಲ. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡೇ ಉಂಡಿದ್ದೇನೆ, ನಕ್ಕಿದ್ದೇನೆ — ಈಗ ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಮೇಲವಂಕಿಯ ನಮ್ಮ ಹೊಲದ ಹೊಂಡದಲ್ಲಿ ನೀವು ಬಾತು ಸಾಕಿದ್ದಿರಿ. ತತ್ತಿ ಒಯ್ಯಲು ಗೋಕಾಕದ ಬಂಗಲೆಯಿಂದ ಸಾಹೇಬರ ಅಡುಗೆಯವನೇ ಬರುತ್ತಿದ್ದ. ಹೊಂಡದ ಈಚೆ ನಾನೂ ಅಣ್ಣನೂ ಬದುವಿನ ಬೇವು, ಜಾಲಿ ಕಡಿದು ಹಲಗೆ ಕೊಯ್ಯುತ್ತಿದ್ದೆವು. ಗುಂಡಿಯ ಮೇಲೆ ಎರಡು ಅಡ್ಡತೊಲೆ, ಅವುಗಳ ಮೇಲೆ ದಿಮ್ಮಿ. ಗರಗಸದ ಒಂದು ತುದಿ ಮೇಲೆ ನನ್ನ ಕೈಯಲ್ಲಿ, ಇನ್ನೊಂದು ಕೆಳಗೆ ಗುಂಡಿಯಲ್ಲಿ ನಿಂತ ಅಣ್ಣನ ಕೈಯಲ್ಲಿ. ನಾವು ಕೊಯ್ಯುವಷ್ಟು ಹೊತ್ತು ನೀವು ಬಾತುಗಳನ್ನು ಗೂಡಿನಲ್ಲಿ ಕೂಡಿ ಚಿಲಕ ಹಾಕುತ್ತಿದ್ದಿರಿ.

ಆ ಅವಘಡದ ಹಿಂದಿನ ದಿನ ನಾನು ಗೆರೆ ತಪ್ಪಿಸಿ ಒಂದು ಹಲಗೆ ಕೆಡಿಸಿದ್ದೆ. ಅಣ್ಣ ಗಿರಾಕಿಗಳ ಎದುರೇ ಕಪಾಳಕ್ಕೆ ಹೊಡೆದ. ಮದುವೆ ಗೊತ್ತಾದ ಗಂಡಸನ್ನು — ನನ್ನನ್ನು. ಮರುದಿನ ಬೆಳಿಗ್ಗೆ ದಿಮ್ಮಿ ಏರಿಸುವಾಗ ಒಂದು ಅಡ್ಡತೊಲೆ ಸೀಳಿದ್ದು ಕಂಡೆ. ಹೇಳಲಿಲ್ಲ. ಅಣ್ಣ ಗುಂಡಿಗೆ ಇಳಿದ. ಆಗಲೂ ಹೇಳಲಿಲ್ಲ. ಒಂದಿಷ್ಟು ಅಂಜಲಿ ಎಂದುಕೊಂಡೆನೋ, ಅಥವಾ — ಇಲ್ಲ. ಬೀಳಲಿ ಎಂದೇ ಅಂದುಕೊಂಡೆ.

ಅರ್ಧ ಕೊಯ್ದ ಮೇಲೆ ದಿಮ್ಮಿ ಸರಿಸಲು ಗುಂಡಿಯ ದಂಡೆಗೆ ಇಳಿದು ಹಾರೆ ಹಾಕಿದೆ.

“ಸಾವಕಾಶ ಹಾಕೋ ತಮ್ಮಾ, ಕೆಳಗ ನಾ ಅದೀನಿ” ಎಂದ ಅಣ್ಣ.

ನಾನು ಮೈಭಾರವೆಲ್ಲ ಬಿಟ್ಟು ಒತ್ತಿದೆ. ತೊಲೆ ಮುರಿಯಿತು. ದಿಮ್ಮಿ ಅವನನ್ನು ಕೆಡವಿ ತೊಡೆಗಳ ಮೇಲೆ ಬಿತ್ತು.

ಕೂಗು ಕೇಳಿ ನೀವು ಓಡಿ ಬಂದು ಗುಂಡಿಗೇ ಹಾರಿದಿರಿ. ನೆರೆಹೊಲದವರೆಲ್ಲ ಅಲ್ಲಿಯೇ ಮುತ್ತಿದರು. ಆಗ ನಾನು ಹಿಂದಿನಿಂದ ಹೋಗಿ ಗೂಡಿನ ಚಿಲಕ ತೆಗೆದೆ. ಅಣ್ಣ ಗುಂಡಿಯಲ್ಲಿ ಚೀರುತ್ತಿದ್ದ, ನಾನು ಬಾತುಗಳನ್ನು ಹೊರಗೆ ಅಟ್ಟುತ್ತಿದ್ದೆ.

“ಬಾತು ಕಾಲಾಗ ಬಂದ್ವು, ಕೈಯಾನ ಹಾರಿ ಜಾರ್ತು. ವೈನಿ ಚಿಲಕಾ ಹಾಕಿಲ್ಲ” ಎಂದೆ, ಎಲ್ಲರಿಗೂ ಕೇಳುವಂತೆ.

“ನಾ ಹಾಕಿದ್ದೆ” ಎಂದಿರಿ ನೀವು. ಅಷ್ಟೇ.

ಮುರಿದ ತೊಲೆಯ ಅರ್ಧ ಮೈ ಹಳೆಯ ಸೀಳಿನಿಂದ ಕಪ್ಪಾಗಿತ್ತು. ಒಬ್ಬನೂ ಬಗ್ಗಿ ನೋಡಲಿಲ್ಲ. ಹೆಣ್ಣಿನ ತಪ್ಪು ಎಂದೊಡನೆ ಊರಿಗೆ ಸಾಕಾಗಿತ್ತು. ಆ ಊರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ — ಆದರೆ ಅವರಿಗೆ ಸುಳ್ಳು ಬಡಿಸಿದವನು ನಾನು. ಅವ್ವ ಬಾತುಗಳನ್ನೆಲ್ಲ ಮಾರಿಸಿದಳು. ಮತ್ತೆ ಎದ್ದು ನಿಲ್ಲಲಾರದ ಅಣ್ಣ ನಿಮ್ಮ ಮುಖ ನೋಡಲು ಒಪ್ಪಲಿಲ್ಲ. ತಿಂಗಳೊಳಗೆ ನಿಮ್ಮನ್ನು ನಿಡಸೋಸಿಗೆ, ತವರಿಗೆ ಕಳಿಸಿದರು.

ಗಾಡಿ ಹತ್ತುವಾಗ ನನ್ನನ್ನು ಹತ್ತಿರ ಕರೆದು ಕೇಳಿದಿರಿ: “ನಾ ಖರೇನ ಮರತಿದ್ನೇನೋ ಭೀಮಪ್ಪಾ?”

ನಾನು ಹೌದೆಂದು ತಲೆಯಾಡಿಸಿದೆ. ಅಣ್ಣನ ಕಾಲು ಕಿತ್ತುಕೊಂಡಿದ್ದು ಒಂದು ಗಳಿಗೆಯ ದ್ವೇಷ. ಇದು — ಇದಕ್ಕೆ ನನಗೆ ಹೆಸರು ಸಿಕ್ಕಿಲ್ಲ.

ನಿನ್ನೆ ಅಣ್ಣನಿಗೆ ಎಲ್ಲ ಹೇಳಿದೆ. ಅವನ ಕೈಗೆ ಸಿಕ್ಕ ತಂಬಿಗೆ ನನ್ನ ಹಣೆ ಒಡೆಯಿತು. ಆಮೇಲೆ, “ಗಾಡಿ ಹೂಡು. ಅಕಿ ಕಡೆ ನಡಿ” ಎಂದ. “ಬಾಗಿಲಾ ತಗೀಲಿಲ್ಲಂದ್ರ ಹೊರಗ ಕುಂದರ್ತೇನಿ.” ಇವತ್ತು ಬೆಳಿಗ್ಗೆ ಚಾವಡಿಯಲ್ಲಿ ನಿಂತು ಊರಿಗೂ ಹೇಳಿ ಬಂದೆ. ಕೆಲವರು ತಲೆ ತಗ್ಗಿಸಿದರು, ಕೆಲವರು ಉಗುಳಿದರು.

ಇವತ್ತೇ ಆಳಿನ ಕೈಯಲ್ಲಿ ಕಳಿಸುವ ಈ ಕಾಗದ ನಮಗಿಂತ ಒಂದು ದಿನ ಮೊದಲು ನಿಮಗೆ ತಲುಪುತ್ತದೆ. ಓದಿ ಹೇಳುವವರಿಗೆ ಅಂಗಳದಲ್ಲಿ ನಿಂತು, ಓಣಿಯವರಿಗೆಲ್ಲ ಕೇಳುವಂತೆ ಓದಲು ಹೇಳಿ. ಅಣ್ಣನನ್ನು ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು. ನನ್ನನ್ನು ಮಾತ್ರ ಕರೆಯಬೇಡಿ.