ರಿವೆಟ್ಟಿನ ಸುತ್ತ ಸುಣ್ಣದ ಉಂಗುರ

ಸೇತುವೆಗೆ ಬಣ್ಣ ಹಚ್ಚುವ ಗುತ್ತಿಗೆ ಹಿಡಿಯುವವರಿಗೆ ನನ್ನದೊಂದು ಮಾತು: ಅಲ್ಲಿ ಸುತ್ತಿಗೆ ಹಿಡಿದು ಓಡಾಡುವವನ ಕೆಲಸ ಮೊದಲು ಮುಗಿಯಲಿ, ಆಮೇಲೆ ಡಬ್ಬಿ ತೆರೆಯಿರಿ. ನನಗೆ ಯಾರೂ ಹೇಳಿರಲಿಲ್ಲ ಎನ್ನುವಂತಿಲ್ಲ. ಹೇಳಿದ್ದರು.

ಎಪ್ಪತ್ತರ ದಶಕದ ಕೊನೆ. ಬಾಗಲಕೋಟೆಯಲ್ಲಿ ಅಂಗಡಿ ಬಾಗಿಲುಗಳಿಗೆ ಬಣ್ಣ ಬಳಿಯುತ್ತ ಮೇಲೆ ಬಂದ ನಾನು, ಹುನಗುಂದದಾಚೆ ಹಳ್ಳದ ಮೇಲಿದ್ದ ಹಳೆಯ ಕಬ್ಬಿಣದ ಸೇತುವೆಯ ಕೆಲಸವನ್ನು ಚೌಕಾಸಿ ಮಾಡಿ ಹಿಡಿದಿದ್ದೆ. ಅದರ ಪಟ್ಟಿಗಳನ್ನು ಬಿಗಿಹಿಡಿದ ರಿವೆಟ್ಟು ಮೊಳೆಗಳನ್ನು ಪರೀಕ್ಷಿಸುತ್ತಿದ್ದವರು ಒಬ್ಬರು ಮುದುಕರು, ಎಲ್ಲರಿಗೂ ಚಾಚಾ. ರಿವೆಟ್ಟಿನ ತಲೆಯ ಒಂದು ಮಗ್ಗುಲಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಮಗ್ಗುಲಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು.

“ಗಟ್ಟಿ ಇದ್ರ ಸುಮ್ಮನಿರ್ತೈತಿ. ಸಡ್ಲಿದ್ರ ಬೆರಳಿಗೆ ಕಚಗುಳಿ ಇಡ್ತೈತಿ, ಸಾವಕಾರ್ರ.”

ಓದು ಬರಹ ಬಾರದ ಅವರು ಸಡಿಲಾದದ್ದರ ಸುತ್ತ ಸುಣ್ಣದಿಂದ ಉಂಗುರ ಬರೆಯುತ್ತಿದ್ದರು. ಅದೇ ಅವರ ದಫ್ತರು. ನಡು ಸೇತುವೆಯ ಒಂದು ಜೋಡಣೆಯಲ್ಲಿ ಉಂಗುರಗಳು ಒತ್ತೊತ್ತಾಗಿದ್ದವು. ಅವುಗಳ ಕೆಳಗೆ ತುಕ್ಕು, ಎಲೆ ಅಡಿಕೆ ಜಗಿದವರ ಕಟವಾಯಿಯಂತೆ ಕೆಂಪಗೆ ಇಳಿದಿತ್ತು.

“ನಾಡಿದ್ದ ಇಂಜಿನೀರ್ ಸಾಹೇಬ್ರು ಬರ್ತಾರ. ಅವರು ನೋಡೂತನಾ ಈ ಜಾಗಾಕ್ಕ ಕೈ ಹಚ್ಚಬ್ಯಾಡ್ರಿ. ಬಸ್ ತುಂಬ ಮಂದಿ ಹೊಕ್ಕಾರ ಇದರ ಮ್ಯಾಲ.”

“ಆತ್ ಬಿಡ್ರಿ ಚಾಚಾ,” ಎಂದೆ. ಆದರೆ ಬಾಡಿಗೆಯ ಅಟ್ಟಣಿಗೆ ಮರುದಿನ ಬಾದಾಮಿಗೆ ಹೋಗಬೇಕಿತ್ತು. ಬೇಕಾದರೆ ಮತ್ತೆ ಬಡಿದು ಹುಡುಕುತ್ತಾರೆ ಎಂದುಕೊಂಡು, ಚಾಚಾ ಮನೆಗೆ ಹೋದದ್ದು ನೋಡಿ, ಉಂಗುರಗಳ ಸಮೇತ ತುಕ್ಕು ಉಜ್ಜಿಸಿ ದಪ್ಪಗೆ ಬೆಳ್ಳಿ ಬಣ್ಣ ಬಳಿಸಿಬಿಟ್ಟೆ.

ಸಾಹೇಬರು ಬಂದರು. ಚಾಚಾ ಏಣಿ ಹತ್ತಿ ಬಡಿದರು, ಬಡಿದೇ ಬಡಿದರು. ಸಂದುಗಳಲ್ಲಿ ತುಂಬಿ ಗಟ್ಟಿಯಾಗಿದ್ದ ಬಣ್ಣ ರಿವೆಟ್ಟುಗಳನ್ನು ಕಚ್ಚಿ ಹಿಡಿದಿತ್ತು. ಬೆರಳಿಗೆ ಏನೂ ಹತ್ತಲಿಲ್ಲ.

“ಇಲ್ಲೇ ಅದಾವ್ರಿ ಸಾಹೇಬ್ರ, ಖರೇನ ಹೇಳ್ತೇನಿ.”

“ವಯಸ್ಸಾತು ಅಜ್ಜಾ, ಬೆರಳು ಜಡ್ಡುಗಟ್ಟ್ಯಾವು. ಪೇಂಟ್ ಮಾತ್ರ ಛಲೋ ಆಗೇತಿ ನೋಡ್ರಿ.”

ಹೊಗಳಿಕೆ ನನಗೆ. ನಾನು ಬಿಲ್ಲು ಮುಂದಿಟ್ಟು ಸಹಿ ಹಾಕಿಸಿಕೊಂಡೆ. ಚಾಚಾರನ್ನು ಉಗ್ರಾಣದಲ್ಲಿ ಸಲಿಕೆ, ಬುಟ್ಟಿ ಕೊಡಲು ಕೂರಿಸಿದರು. ಆಮೇಲೆ ಆ ಸೇತುವೆಗೆ ಬೆರಳು ಹಚ್ಚುವವರೇ ಇಲ್ಲವಾದರು.

ಎರಡು ಮಳೆಗಾಲ ಕಳೆದ ಮೇಲೆ ಬೆಳ್ಳಿ ಬಣ್ಣ ಸೀಳಿ ಅದೇ ಕೆಂಪು ಇಳಿಯಿತು. ಆಗ ಇಲಾಖೆಗೆ ಅರ್ಜಿ ಬರೆದೆ. ನಾನು ಮಾಡಿದ್ದನ್ನೂ ಬರೆದೆ. ಇತ್ತೀಚೆಗೆ ಬಣ್ಣವಾಗಿದೆ, ಸೇತುವೆ ಸುಸ್ಥಿತಿಯಲ್ಲಿದೆ ಎಂದು ಉತ್ತರ ಬಂತು. ಮತ್ತೆ ಬರೆದೆ, ಅದೇ ಉತ್ತರ. ಸಂತೆಯಲ್ಲಿ ಯಾವುದನ್ನೂ ಕುದುರಿಸದೆ ಬಿಡದ ನನಗೆ ಅಲ್ಲಿ ಕುದುರಿಸಲು ಏನೂ ಸಿಗಲಿಲ್ಲ.

ಇಳಕಲ್ಲಿಗೆ ಹೊರಟ ಬಸ್ಸಿನಲ್ಲಿ ಒಮ್ಮೆ ಚಾಚಾ ಸಿಕ್ಕರು. ಸೇತುವೆಯ ಈಚೆಗೇ ಇಳಿದರು. ನಡೆದು ದಾಟಿ ಮತ್ತೆ ಹತ್ತುವುದು ಅವರ ರೂಢಿಯಂತೆ.

“ಇಳದ್ರಪಾ ನಮ್ಮ ಪಾದಯಾತ್ರಿಯವ್ರು!” ಎಂದು ಕಂಡಕ್ಟರ್ ನಕ್ಕ. ನಾನೂ ಇಳಿದೆ.

“ನಾವಿಬ್ರು ಇಳದ್ರ ಎಷ್ಟ್ ಭಾರ ಕಮ್ಮಿ ಆದೀತು ಚಾಚಾ?”

“ನಮ್ಮಿಬ್ರದ್ದ.”

ಬಸ್ಸು ಉಳಿದವರನ್ನು ಹೊತ್ತು ಸೇತುವೆ ಹತ್ತಿತು. ಅದು ಆಚೆ ದಡ ಮುಟ್ಟುವತನಕ ಇಬ್ಬರೂ ಈಚೆಯೇ ನಿಂತಿದ್ದೆವು.