ಪ್ಯಾನೆಲ್‌ಗೆ ಹೊದಿಸಿದ ತೆಂಗಿನ ಗರಿ

ನಮ್ಮಕ್ಕ ಸೋಲಾರ್ ಪ್ಯಾನೆಲ್‌ಗಳಿಗೆ ನೆರಳು ಮಾಡಿದ್ದಳು.

ನಗಬೇಡಿ. ನಾನು ಮೊದಲು ಗದರಿ, ಆಮೇಲೆ ನಾಲಿಗೆ ಕಚ್ಚಿಕೊಂಡವನು.

ಅಕ್ಕ ರತ್ನಮ್ಮ ಇರುವುದು ಹುತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ರೇಷ್ಮೆ ಹುಳ ಸಾಕುತ್ತಾಳೆ. ಮದುವೆಯಾದ ವರ್ಷವೇ ಅತ್ತೆಯಿಂದ ಕಲಿತ ಕೆಲಸ. ಆ ಅತ್ತೆಯ ಮನೆಮಾತು ತೆಲುಗು. ಹಾಗಾಗಿ ಅಕ್ಕ ನಮ್ಮ ಜೊತೆ ಕನ್ನಡ, ಹುಳಗಳ ಜೊತೆ ಇವತ್ತಿಗೂ ತೆಲುಗು. ಸೊಪ್ಪು ಹಾಕುತ್ತಾ ‘ತಿನಂಡಮ್ಮಾ, ತಿನಂಡಿ’ ಎಂದು ಉಪಚಾರ ಮಾಡುತ್ತಾಳೆ. (ನನಗೆ ಬಡಿಸುವಾಗ ಇಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ.)

ಹುಳ ಇದ್ದಷ್ಟು ದಿನ ಆ ಮನೆಯ ಕಾನೂನೇ ಬೇರೆ. ಘಾಟು ಒಗ್ಗರಣೆ ಇಲ್ಲ. ಊದುಬತ್ತಿ ಇಲ್ಲ. ಭಾವನ ಬೀಡಿ ತೋಟದಾಚೆಗೆ. ನಾನು ಸೆಂಟು ಹಾಕಿಕೊಂಡು ಹೋದರೆ ಸೋಪು ಕೊಟ್ಟು ಸೀದಾ ಬಚ್ಚಲಿಗೆ ಕಳಿಸುತ್ತಾಳೆ. ಹೊಗೆ ತಾಗಿದರೆ ಹುಳ ಮೇವು ಬಿಡುತ್ತದೆ. ಮೇವು ಬಿಟ್ಟ ಹುಳ ಗೂಡು ಕಟ್ಟುವುದಿಲ್ಲ.

ಸೆಖೆಯೂ ಅಷ್ಟೇ, ಆಗಿಬರುವುದಿಲ್ಲ. ಅಕ್ಕನ ಅತ್ತೆಯ ಕಾಲದಲ್ಲಿ ಹುಳದ ಮನೆಯೊಳಗೆ ಚಳಿ ಕಳೆಯಲು ಹೊಗೆಯಾರಿದ ಕೆಂಡ ಇಡುತ್ತಿದ್ದರಂತೆ. ನಮ್ಮ ಕೋಲಾರದ ಕಡೆ ಆಗ ಫ್ಯಾನು ಎಂದರೆ ಮದುವೆ ಛತ್ರದಲ್ಲಿ ನೋಡುವ ವಸ್ತು. ಈಗ? ಕಳೆದ ಎರಡು ಬೇಸಿಗೆಯ ಬೆಳೆಯನ್ನು ಸೆಖೆಯೇ ತಿಂದು ಹಾಕಿತು. ಸತ್ತ ಹುಳಗಳನ್ನು ಅಕ್ಕ ಬುಟ್ಟಿಗಟ್ಟಲೆ ಹೊತ್ತು ಮಣ್ಣಿಗೆ ಹಾಕಿ ಬಂದಿದ್ದಳು. ಇನ್ನೊಂದು ಬೆಳೆ ಹೋದರೆ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕುವುದೇ ಎಂದು ಭಾವ ತೀರ್ಮಾನ ಮಾಡಿದ್ದರು.

ಆಗ ಎಂಟ್ರಿ ಕೊಟ್ಟವನು ನಾನು. ಹುಳದ ಮನೆಯ ಶೀಟಿನ ಮೇಲೆ ಪ್ಯಾನೆಲ್ ಹಾಕಿಸಿದೆ. ಕೆಳಗೆ ಬ್ಯಾಟರಿ, ಇನ್ವರ್ಟರ್, ನಾಲ್ಕು ಫ್ಯಾನು. ಕರೆಂಟು ಹೋದರೂ ಚಿಂತೆ ಇಲ್ಲ. ಜೊತೆಗೆ ಒಂದು ಭಾಷಣವನ್ನೂ ಬಿಗಿದೆ. ಕರಗುವ ಹಿಮ, ಏರುವ ಸಮುದ್ರ, ಕಲ್ಲಿದ್ದಲು, ಡೀಸೆಲ್ಲು, ಒಂದನ್ನೂ ಬಿಡಲಿಲ್ಲ. ಅಕ್ಕ ಅವರೆಕಾಯಿ ಸುಲಿಯುತ್ತಾ ಎಲ್ಲಕ್ಕೂ ಹೂಂಗುಟ್ಟಿದಳು.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳ ಫೋನು. ಫ್ಯಾನು ನಿಂತಿದೆ, ಕರೆಂಟೂ ಇಲ್ಲ, ಬೇಗ ಬಾ ಅಂದಳು. ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. (ಹುಳ ಪೊರೆ ಬಿಡುವ ಮುಂಚೆ ತಿನ್ನದೆ ಸುಮ್ಮನೆ ಮಲಗುತ್ತದಲ್ಲ, ಅದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ.) ಕೊನೆಯ ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ರಾಕ್ಷಸ ಹಸಿವು. ಅದಾದ ಮೇಲೆ ಗೂಡು. ಆ ವಾರದಲ್ಲಿ ಎಡವಿದರೆ ಮಾಡಿದ್ದೆಲ್ಲ ನೀರುಪಾಲು.

ನಾನು ಹೋಗುವಷ್ಟರಲ್ಲಿ ಮಧ್ಯಾಹ್ನ. ಭಾವ ಪಕ್ಕದ ತೋಟದಿಂದ ಡೀಸೆಲ್ ಜನರೇಟರ್ ತಂದು ಹುಳದ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಅದರ ವೈರು ಅಷ್ಟೇ ಉದ್ದ, ದೂರಕ್ಕೆ ಎಟುಕದು. ಅಕ್ಕ ಆ ಜನರೇಟರಿನ ಮುಂದೆಯೇ ಕೂತುಬಿಟ್ಟಿದ್ದಳು. ಭಾವ ಸ್ಟಾರ್ಟ್ ಮಾಡಲೇಬೇಕು ಅಂತ, ಇವಳು ಏಳುವುದಿಲ್ಲ ಅಂತ.

ಭಾವ ಕೆಟ್ಟವರಲ್ಲ. “ಗಾಳಿ ಇಲ್ದೆ ಒಳಗೆ ಬೆಂದು ಹೋಗ್ತವೆ ಕಣೇ. ಡೀಸೆಲ್ಲು ಯಾವತ್ತಾದ್ರೂ ನಮ್ಗೆ ಕೈ ಕೊಟ್ಟೈತಾ? ಏಳು.”

ಅಕ್ಕ ಏಳಲಿಲ್ಲ. “ಹೊಗೆ ಕುಡಿಸಿ ನನ್ ಕೈಯಾರೆ ಸಾಯಿಸಲ್ಲ.”

ಇಬ್ಬರೂ ಹೇಳುತ್ತಿದ್ದದ್ದು ನಿಜವೇ. ಅದೇ ಕಷ್ಟ. ಟಿವಿ ಚರ್ಚೆಯಾಗಿದ್ದರೆ ಯಾರೋ ಒಬ್ಬರದ್ದು ತಪ್ಪಿರುತ್ತಿತ್ತು.

ಒಳಗೆ ಹೋಗಿ ನೋಡಿದೆ. ಹಾಕಿದ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಹುಳಗಳು ತಲೆ ಎತ್ತಿಕೊಂಡು ಸುಮ್ಮನಿದ್ದವು. ಹೊರಗೆ ನೋಡಿದರೆ ಸುಡು ಬಿಸಿಲು. ಇಷ್ಟು ಬಿಸಿಲಿಟ್ಟುಕೊಂಡು ಈ ಸೋಲಾರಿಗೆ ಏನು ಬಂತು ರೋಗ? ಏಣಿ ಹತ್ತಿದೆ.

ಮೇಲೆ ಪ್ಯಾನೆಲ್ಲೇ ಕಾಣಲಿಲ್ಲ. ಅಷ್ಟಗಲಕ್ಕೂ ತೆಂಗಿನ ಗರಿ. ಗಾಳಿಗೆ ಹಾರದ ಹಾಗೆ ಹಗ್ಗ ಕಟ್ಟಿ, ಮೇಲೆ ನೀರು ಬೇರೆ ಚಿಮುಕಿಸಿದ್ದರು.

ನಿಮಗೆ ಗೊತ್ತಿರಬಹುದು, ಬೇಸಿಗೆ ಬಂತೆಂದರೆ ನಮ್ಮ ಕಡೆ ಹುಳದ ಮನೆಯ ಶೀಟಿನ ಮೇಲೆ ಗರಿ ಹೊದಿಸಿ ನೀರು ಹಾಕುತ್ತಾರೆ, ಒಳಗೆ ತಣ್ಣಗಿರಲಿ ಎಂದು. ಅಕ್ಕ ವರ್ಷವರ್ಷವೂ ಮಾಡುವ ಕೆಲಸ. ಈ ಸಲ ಮೇಲೆ ಹತ್ತಿ ಪ್ಯಾನೆಲ್ ಮುಟ್ಟಿ ನೋಡಿದ್ದಾಳೆ. ಕೈ ಸುಟ್ಟಿದೆ. ಪಾಪ ಅನ್ನಿಸಿದೆ. ಅವಕ್ಕೂ ಹೊದಿಸಿದ್ದಾಳೆ. ಬ್ಯಾಟರಿಯಲ್ಲಿ ಉಳಿದಿದ್ದ ಕರೆಂಟಿನಲ್ಲಿ ಫ್ಯಾನು ಒಂದು ದಿನ ಎಳೆದು ನಿಂತಿದೆ.

ಮೇಲಿನಿಂದಲೇ ಗದರಿದೆ. ಕೆಳಗಿನಿಂದ ಅವಳು ಮುಖವೆತ್ತಿ ಕೇಳಿದಳು, “ಸಂದೀಲಿ ಬೆಳಕು ಬೀಳ್ತದಲ್ಲೋ, ಅಷ್ಟು ಸಾಲ್ದಾ? ನೀನು ಅವತ್ತು ಹೇಳ್ಳಿಲ್ವಲ್ಲ.”

ಹೇಳಿರಲಿಲ್ಲ. ಸಮುದ್ರ ಕಾಣದ ನಮ್ಮಕ್ಕನಿಗೆ ಸಮುದ್ರ ಏರುವುದನ್ನು ಮುಕ್ಕಾಲು ಗಂಟೆ ವಿವರಿಸಿದ ಮಹಾನುಭಾವ, ಪ್ಯಾನೆಲ್ಲಿಗೆ ಏನೂ ಮುಚ್ಚಬೇಡ ಎಂಬ ಒಂದು ಮಾತು ಹೇಳಿರಲಿಲ್ಲ. ನನಗೇ ನಾಚಿಕೆಯಾಯಿತು.

ಗರಿ ಕಿತ್ತೆ. ಭಾವ ಕೂಡ ಹತ್ತಿ ಬಂದರು. ಶೀಟಿನ ಮೇಲಿನದನ್ನು ಬಿಟ್ಟು ಪ್ಯಾನೆಲ್ ಮೇಲಿನದನ್ನಷ್ಟೇ ತೆಗೆದು, ಟವೆಲ್ಲಿನಿಂದ ಒರೆಸಿದೆವು. ಅಕ್ಕ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದಳು. ಇನ್ವರ್ಟರಿನ ದೀಪ ಕೆಂಪಗೇ ಇತ್ತು. ಹತ್ತು ನಿಮಿಷ. ಇಪ್ಪತ್ತು. ಭಾವ ಜನರೇಟರಿನ ಕಡೆ ನೋಡಿದರು. ನಾನೂ ನೋಡಿದೆ, ಸುಳ್ಳೇಕೆ ಹೇಳಲಿ? ಇನ್ನು ಸ್ಟಾರ್ಟ್ ಮಾಡಿಬಿಡೋಣ ಎಂದು ನನ್ನ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ದೀಪ ಹಸಿರಾಯಿತು. ಫ್ಯಾನು ಒಮ್ಮೆ ನರಳಿ ತಿರುಗಿತು.

ಅಕ್ಕ ಒಳಗೆ ಹೋಗಿ ಹೊಸ ಸೊಪ್ಪು ಹಾಕಿದಳು. ಒಂದು ಹುಳ ಬಾಯಿ ಹಾಕಿತು. ಆಮೇಲೆ ಅದರ ಪಕ್ಕದ್ದು. ಸಂಜೆಯ ಹೊತ್ತಿಗೆ ತಿನ್ನುವ ಚರಚರ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಫಿ ಮಾಡ್ತೀನಿ ಇರು ಅಂದಳು.

ಹುಳಗಳು ಮೇವು ಮುಗಿಸಿ, ಬಲಿತು ಹಣ್ಣಾಗಿ ಗೂಡು ಕಟ್ಟಿದವು. ಪೂರ್ತಿ ಅಲ್ಲ, ಒಂದಷ್ಟು ಹೋದವು. ಹಿಪ್ಪುನೇರಳೆಯನ್ನಂತೂ ಭಾವ ಕೀಳಲಿಲ್ಲ. ಭಾವ ಈಗ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಪ್ಯಾನೆಲ್ ಒರೆಸುತ್ತಾರಂತೆ.

ಇಲ್ಲಿಗೆ ಮುಗಿಸಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಆದರೆ ಅವತ್ತು ಸಂಜೆ ನಡೆದ ಒಂದು ಮಾತು ಬಾಕಿ ಇದೆ.

ಹೊರಡಲು ಕಾರಿನ ಬಾಗಿಲು ತೆಗೆದೆ. ಅಕ್ಕ ಓಡಿ ಬಂದು ಕೈ ಹಿಡಿದಳು. ನನ್ನದು ಡೀಸೆಲ್ ಕಾರು. ಬರುವಾಗ ಗಾಬರಿಯಲ್ಲಿ ಹುಳದ ಮನೆಯ ಹತ್ತಿರವೇ ನಿಲ್ಲಿಸಿದ್ದೆ. ಇಲ್ಲಿ ಸ್ಟಾರ್ಟ್ ಮಾಡಬೇಡ, ರೋಡಿಗೆ ತಳ್ಳೋಣ ಅಂದಳು. ನಾನು ಸ್ಟೀರಿಂಗ್ ಹಿಡಿದು, ಅಕ್ಕ ಭಾವ ಹಿಂದಿನಿಂದ, ಮೂವರೂ ಏದುಸಿರು ಬಿಡುತ್ತಾ ರೋಡಿನ ಆಚೆ ಅಂಚಿಗೆ ತಳ್ಳಿದೆವು. ಅಕ್ಕ ನಗುತ್ತಾ ಟಾಟಾ ಮಾಡಿದಳು. ಕೀ ತಿರುಗಿಸಿದೆ. ಹೊಗೆ ಬುಸ್ಸೆಂದಿತು.

ಆ ಅಂಚಿನಲ್ಲಿ ಯಾರ ಮನೆಯಿತ್ತು, ಆ ಹೊಗೆ ಯಾರ ಹುಳಕ್ಕೆ ತಾಗಿತು ಎಂದು ನಾವು ಮೂವರಲ್ಲಿ ಒಬ್ಬರಾದರೂ ತಿರುಗಿ ನೋಡಿದೆವಾ?