ಹಗರಿಯಲ್ಲಿ ಕಡಲಾಮೆಯ ಜಾಡು

ದೆವ್ವ ಭೂತಗಳ ವಿಷಯದಲ್ಲಿ ನಾನು ಮದರಾಸು ಸರ್ಕಾರದಷ್ಟೇ ಕಟ್ಟುನಿಟ್ಟು: ಅರ್ಜಿ ಕೊಡದೆ ಬಂದವರು ಇದ್ದಾರೆಂದೇ ಒಪ್ಪುತ್ತಿರಲಿಲ್ಲ. ಅಂಥವನು ಇದನ್ನು ಬರೆಯುತ್ತಿದ್ದೇನೆ, ನಗುವವರು ನಗಲಿ.

ಮಡಕಶಿರದಲ್ಲಿ ಹುಟ್ಟಿ, ಕೆರೆಗಿಂತ ದೊಡ್ಡ ನೀರು ಕಾಣದ ನನ್ನನ್ನು ಅರಣ್ಯ ಇಲಾಖೆ ಪೂರ್ವ ಕಡಲತೀರದ ಒಂದು ರಿಸರ್ವಿಗೆ ಫಾರೆಸ್ಟರಾಗಿ ಕಳಿಸಿತ್ತು. ಸರ್ವೆ ತೋಪು, ಹಿನ್ನೀರಿನ ಹಕ್ಕಿ, ಮರಳಲ್ಲಿ ಮೊಟ್ಟೆಯಿಡುವ ಆಮೆ, ಎಲ್ಲಕ್ಕೂ ನನ್ನದೇ ಕಾವಲು. ಯಾವುದನ್ನೂ ಮುಟ್ಟಕೂಡದೆಂದು ಇಲಾಖೆಯೇ ಬೋರ್ಡು ನೆಡಿಸಿತ್ತು. ಎರಡನೆಯ ವರ್ಷ ನರಿಗಳಿಗೆ ಹೆದರಿ ಆಮೆಗೂಡುಗಳ ಸುತ್ತ ಮುಳ್ಳುಬೇಲಿ ಹಾಕಿಸಿದೆ. ಆ ವಾರವೇ ಮೇಲಧಿಕಾರಿಗಳು ಅತಿಥಿಗಳ ಸಮೇತ ದಯಮಾಡಿಸಿದರು. ಅತಿಥಿಗಳಿಗೆ ಆಮೆಮೊಟ್ಟೆಯ ರುಚಿ ನೋಡುವ ಆಸೆ. ನಾನು ಬೋರ್ಡು ತೋರಿಸಿದೆ.

“ಅದು ಜನಕ್ಕೆ ಬರೆಸಿದ್ದಯ್ಯಾ, ನಮಗಲ್ಲ” ಎಂದು ಅಧಿಕಾರಿಗಳು ನನ್ನ ಕಣ್ಣೆದುರೇ ಬೇಲಿ ಕೀಳಿಸಿದರು. ಒಂದು ಗೂಡೂ ಉಳಿಯಲಿಲ್ಲ. ನರಿಗಳಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ತಿನ್ನುತ್ತಿರಲಿಲ್ಲ. ನನಗೆ ಕಡಲ ಹವಾ ಒಗ್ಗುವುದಿಲ್ಲವೆಂದು ಅವರಿಗೇ ಹೊಳೆದು, ಕಡಲಿಂದ ನೂರಾರು ಮೈಲಿ ದೂರದ ರಾಯದುರ್ಗಕ್ಕೆ ವರ್ಗವಾಯಿತು.

ಅಲ್ಲಿ ಕಾಯಲು ಇದ್ದದ್ದು ಜಾಲಿ ಮತ್ತು ಬಂಡೆ. ಬಂಡೆಯನ್ನು ಯಾವ ಅತಿಥಿಯೂ ತಿನ್ನಲಾರ. ಎರಡು ತಿಂಗಳು ಕಳೆದಿರಬೇಕು. ಆ ಮೊಟ್ಟೆಗಳು ಉಳಿದಿದ್ದರೆ ಮರಿಯಾಗುತ್ತಿದ್ದ ಕಾಲ. ಒಂದು ಬೆಳಿಗ್ಗೆ ಗಾರ್ಡ್ ಎರ್ರಿಸ್ವಾಮಿಯ ಜೊತೆ ಭೈರವಾನಿತಿಪ್ಪದ ಹತ್ತಿರ ಬತ್ತಿದ ಹಗರಿ ಹೊಳೆಯನ್ನು ದಾಟುತ್ತಿದ್ದೆ. ಅವನು ತಟ್ಟನೆ ನಿಂತ.

“ಇದೇನ್ರಿ ಸಾಹೇಬ್ರ, ಓತಿಕ್ಯಾತಗಳ ದಿಬ್ಬಣ ಹೋಗೇತೇನು?”

ಮರಳಲ್ಲೊಂದು ಗುಳಿ. ಅದರಿಂದ ಹೊರಟ ನೂರಾರು ಪುಟ್ಟ ಜಾಡು. ನಡುವೆ ಹೊಟ್ಟೆ ಎಳೆದ ಗೆರೆ, ಎರಡೂ ಬದಿಗೆ ಈಜುರೆಕ್ಕೆ ಒತ್ತಿದ ಗುರುತು. ಹೊಳೆಯ ಆಮೆಯಾದರೆ ಉಗುರು ಮೂಡಬೇಕಿತ್ತು. ಇದು ಕಡಲಾಮೆಯ ಮರಿಗಳದು. ಹಿಂದಿನ ವರ್ಷ ಕಣ್ಣು ತುಂಬ ನೋಡಿದ್ದೆ.

ಎಲ್ಲವೂ ಮೂಡಣಕ್ಕೆ ಓಡಿದ್ದವು. ಹಿಂಬಾಲಿಸಿದೆವು. ಹೊಳೆಯ ನಡುವೆ ಅಷ್ಟೂ ಜಾಡು ಒಂದೇ ನೇರಕ್ಕೆ ನಿಂತುಹೋಗಿತ್ತು. ಆಚೆ ಮರಳು ನುಣ್ಣಗೆ, ಒದ್ದೆಯಾಗಿತ್ತು. ಎರ್ರಿಸ್ವಾಮಿ ಚಿಟಿಕೆ ತೆಗೆದು ನಾಲಿಗೆಗಿಟ್ಟು ಉಗಿದ.

“ಥೂ! ಉಪ್ಪುಪ್ಪು ಐತ್ರಿ!”

ಅವನಿಗೆ ಬೇಲಿಯ ಕಥೆ ಹೇಳಿದೆ. ನಗಲಿಲ್ಲ. ಅಷ್ಟರಲ್ಲಿ ಬಿಸಿಲೇರಿ ಒದ್ದೆ ಆರಿತು, ಗಾಳಿಗೆ ಜಾಡು ಮಸುಕಾಯಿತು. ನಾನು ವರದಿ ಬರೆಯಲಿಲ್ಲ. ಬರೆದಿದ್ದರೆ ಅತಿಥಿಗಳು ಬುಟ್ಟಿ ಹಿಡಿದು ಇಲ್ಲಿಗೂ ಬರುತ್ತಿದ್ದರು. ಅದೇನೆಂದು ಇಂದಿಗೂ ನನಗೆ ತಿಳಿಯದು.

ದಡ ಹತ್ತಿ ತಿರುಗಿ ನೋಡಿದರೆ ಎರ್ರಿಸ್ವಾಮಿ ಗುಳಿಯ ಪಕ್ಕ ನಿಂತು ಟವಲು ಬೀಸಿ ಕಾಗೆ ಓಡಿಸುತ್ತಿದ್ದ.

“ಬಾರಯ್ಯ, ಇನ್ಯಾರ್ನ ಕಾಯ್ತೀಯ?” ಎಂದೆ.

“ನೀವು ನಡೀರಿ ಸಾಹೇಬ್ರ. ಹಿಂದ ಉಳದ ಮರಿ ಒಂದೆರಡು ಇದ್ರ?”